ಗಾಲಿಯ ಮೇಲಿನ ಮನೆ: ಅಮೇರಿಕೆಯ ಶರತ್ಕಾಲದ ವಿಹಾರ

ಹಿಂದಿನ ಕಾಲದಲ್ಲಿ ಜಾತ್ರೆಗೆ ಹೊರಟ ನಮ್ಮ ಕಡೆಯ ಕುಟುಂಬವು ಬಂಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹರಡಿ, ಅದರ ಮೇಲೆ ಕೌದಿ ಹಾಸಿ, ರೊಟ್ಟಿಯ ಬುತ್ತಿಯನ್ನೂ ನೀರಿನ ಕೊಡವನ್ನೂ ಇಟ್ಟುಕೊಂಡು, ಎರಡು ಮೂರು ದಿನ ದಾರಿಯಲ್ಲಿಯೇ ಸಂಸಾರ ಹೂಡುತ್ತಿದ್ದುದನ್ನು ಹಿರಿಯರಾದ ಪಾಲಕರು ಬಲ್ಲರು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಬಯಕೆಯು ಮೋಟಾರಿನ ರೂಪವನ್ನು ತಾಳಿದೆ. ಅಲ್ಲಿಯವರು ಅದನ್ನು ‘ರಿಕ್ರಿಯೇಶನಲ್ ವೆಹಿಕಲ್’ ಎಂದೂ ಸಂಕ್ಷೇಪವಾಗಿ ‘ಆರ್.ವಿ.’ ಎಂದೂ ಕರೆಯುವರು. ನಾವು ಗಾಲಿಮನೆ ಎನ್ನೋಣ. ಮನೆಮಂದಿಯೂ ಗೆಳೆಯರೂ ಶರದೃತುವಿನ ಶನಿವಾರ ಭಾನುವಾರಗಳನ್ನು ಇದರಲ್ಲಿ ಹೇಗೆ ಕಳೆಯುವರು, ಈ ಮನೆಯ ನೀರು, ಬೆಂಕಿ, ಬೆಳಕುಗಳ ವ್ಯವಸ್ಥೆ ಏನು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವದು ಈ ಲೇಖನದ ಉದ್ದೇಶವಾಗಿದೆ.

ಗಾಲಿಮನೆಯಲ್ಲಿ ಮುಖ್ಯವಾಗಿ ಎರಡು ಜಾತಿ. ತನ್ನದೇ ಎಂಜಿನ್ನಿನಿಂದ ಓಡುವದು ಒಂದು. ಕಾರಿನ ಅಥವಾ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವದು ಇನ್ನೊಂದು. ೧೯೧೦ರಲ್ಲಿಯೇ ಪಿಯರ್ಸ್-ಆ್ಯರೋ ಕಂಪನಿಯು ಮಲಗಲು ಅನುಕೂಲವಿದ್ದ ಪ್ರವಾಸದ ಕಾರೊಂದನ್ನು ನ್ಯೂಯಾರ್ಕಿನ ಪ್ರದರ್ಶನದಲ್ಲಿಟ್ಟಿತ್ತು. ಇಂದು ಇಂಡಿಯಾನಾ ಸಂಸ್ಥಾನದ ಎಲ್ಕಾರ್ಟ್ ಪ್ರದೇಶವು ಈ ಉದ್ಯೋಗದ ತವರಾಗಿದೆ.

ಇಂಥ ವಿಹಾರಕ್ಕೆ ಶರತ್ಕಾಲವೇ ಏಕೆ? ಬೇಸಿಗೆಯ ಸೆಕೆಯೂ ಸೊಳ್ಳೆಗಳೂ ಆಗ ಕಡಿಮೆಯಾಗಿರುತ್ತವೆ ಎಂಬುದೊಂದು. ಅದಕ್ಕಿಂತ ದೊಡ್ಡ ಕಾರಣ ಎಲೆಗಳ ಬಣ್ಣ. ಹಗಲು ಮೋಟಾಗುತ್ತ ಬಂದಂತೆ ಮರವು ಎಲೆಯೊಳಗಿನ ಹಸಿರು ದ್ರವ್ಯವಾದ ಪತ್ರಹರಿತ್ತನ್ನು ಹೊಸದಾಗಿ ತಯಾರಿಸುವದನ್ನು ನಿಲ್ಲಿಸುತ್ತದೆ. ಇದ್ದ ಹಸಿರು ಕರಗಿದಾಗ, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಕೆರೋಟಿನಾಯ್ಡುಗಳ ಹಳದಿ ಮತ್ತು ಕಿತ್ತಳೆ ಬಣ್ಣಗಳು ಹೊರಬೀಳುವವು. ಕೆಂಪಿನ ಕಥೆ ಬೇರೆ. ಎಲೆಯ ತೊಟ್ಟಿನಲ್ಲಿ ಬಿರಡೆಯಂಥ ಪದರು ಬೆಳೆದು ದಾರಿ ಮುಚ್ಚುತ್ತ ಬಂದಾಗ ಸಕ್ಕರೆಯು ಎಲೆಯಲ್ಲಿಯೇ ಉಳಿಯುತ್ತದೆ. ಅದರಿಂದ ಆಂಥೊಸಯನಿನ್ ಎಂಬ ಕೆಂಪು ದ್ರವ್ಯವು ಆಗ ಹೊಸದಾಗಿ ಉಂಟಾಗುವದು. ಹಗಲು ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ, ಹೀಗೆ ಕೆಲವು ದಿನ ನಡೆದರೆ ಮೇಪಲ್ ಮರಗಳು ಕೆಂಡದಂತಾಗುವವು. ಈ ಸೊಬಗು ಒಂದು ಸ್ಥಳದಲ್ಲಿ ಎರಡು ಮೂರು ವಾರಕ್ಕಿಂತ ಹೆಚ್ಚು ನಿಲ್ಲುವದಿಲ್ಲ. ಮಕ್ಕಳ ಶಾಲೆಗಳು ನಡೆದಿರುವದರಿಂದ ಶುಕ್ರವಾರ ಸಂಜೆ ಹೊರಟು ಭಾನುವಾರ ಮರಳಲೇಬೇಕು. ಆದ್ದರಿಂದಲೇ ಅಕ್ಟೋಬರದ ವಾರಾಂತ್ಯಗಳಲ್ಲಿ ಬಿಡಾರದ ಸ್ಥಳಗಳಿಗೆ ಅಷ್ಟು ನೂಕುನುಗ್ಗಲು. ಎಷ್ಟೋ ಕಡೆ ತಿಂಗಳುಗಟ್ಟಲೆ ಮುಂಚೆಯೇ ಸ್ಥಳವನ್ನು ಕಾಯ್ದಿರಿಸಬೇಕಾಗುತ್ತದೆ.

ವಾಶಿಂಗ್ಟನ್ ನಗರದಿಂದ ಸುಮಾರು ೭೫ ಮೈಲಿನ ಮೇಲಿರುವ ಶೆನಂಡೋವ ರಾಷ್ಟ್ರೀಯ ಉದ್ಯಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವರ್ಜೀನಿಯಾದ ಬ್ಲೂರಿಜ್ ಬೆಟ್ಟಗಳ ನೆತ್ತಿಯ ಮೇಲೆ ಇಲ್ಲಿ ೧೦೫ ಮೈಲು ಉದ್ದದ ಸ್ಕೈಲೈನ್ ಡ್ರೈವ್ ಎಂಬ ರಸ್ತೆ ಇದೆ. ತಾಸಿಗೆ ೩೫ ಮೈಲಿಗಿಂತ ವೇಗವಾಗಿ ಹೋಗಕೂಡದು. ದಾರಿಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಸುರಂಗದ ಎತ್ತರ ೧೨ ಅಡಿ ೮ ಅಂಗುಲ ಮಾತ್ರ. ತನ್ನ ಮನೆಯ ಎತ್ತರವನ್ನು ಅಂಗುಲದ ಲೆಕ್ಕದಲ್ಲಿ ಬಲ್ಲವನೇ ಇಲ್ಲಿ ನಿಶ್ಚಿಂತನು. ೧೯೩೫ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ಸಲುವಾಗಿ ಬೆಟ್ಟದಲ್ಲಿ ತಲೆತಲಾಂತರದಿಂದ ವಾಸಿಸುತ್ತಿದ್ದ ಸುಮಾರು ೫೦೦ ಕುಟುಂಬಗಳು ಮನೆ ಬಿಟ್ಟು ಇಳಿಯಬೇಕಾಯಿತು. ಅವರ ಒಲೆಗೂಡುಗಳ ಕಲ್ಲುಗಳೂ ಗೋರಿಗಳೂ ಕಾಡಿನ ನಡುವೆ ಈಗಲೂ ಕಾಣಸಿಗುತ್ತವೆ. ಮನೆಯನ್ನೇ ಎಳೆದುಕೊಂಡು ಬರುವ ಪ್ರವಾಸಿಕನು ಕ್ಷಣಹೊತ್ತು ಅಲ್ಲಿ ನಿಂತು ನೋಡುವದು ಯೋಗ್ಯವೆಂದು ನನ್ನ ಅಭಿಪ್ರಾಯ.

ಇನ್ನು ನೀರಿನ ವಿಚಾರ. ಬಹಳಷ್ಟು ಖಾಸಗಿ ಬಿಡಾರಗಳಲ್ಲಿ ಪ್ರತಿಯೊಂದು ತಾಣಕ್ಕೂ ನಳವೂ ವಿದ್ಯುತ್ತಿನ ಕಂಬವೂ ಇರುವವು. ಶೆನಂಡೋವದ ತಾಣಗಳಲ್ಲಿ ಇವೆರಡೂ ಇಲ್ಲ. ಹೊತ್ತು ತಂದದ್ದೇ ಸಂಪತ್ತು. ಮಧ್ಯಮ ಗಾತ್ರದ ಗಾಲಿಮನೆಯ ಶುದ್ಧ ನೀರಿನ ತೊಟ್ಟಿಯಲ್ಲಿ ಸುಮಾರು ೪೦ ಗ್ಯಾಲನ್, ಅಂದರೆ ೧೫೦ ಲೀಟರು ನೀರು ಹಿಡಿಯುವದು. ನಮ್ಮ ಲೆಕ್ಕದಲ್ಲಿ ಹತ್ತು ಹನ್ನೆರಡು ಕೊಡ. ಅಷ್ಟರಲ್ಲಿ ನಾಲ್ಕು ಜನರ ಅಡಿಗೆ, ಮುಸುರೆ, ಸ್ನಾನ, ಶೌಚ ಎಲ್ಲವೂ ಎರಡು ದಿನ ನಡೆಯಬೇಕು. ನಗರದ ಸ್ನಾನಗೃಹದ ಶವರು ನಿಮಿಷಕ್ಕೆ ೯ ಲೀಟರಿನ ವರೆಗೆ ಸುರಿಸಬಲ್ಲದು. ಹತ್ತು ನಿಮಿಷ ಹಾಡುತ್ತ ನಿಂತರೆ ೯೦ ಲೀಟರು ಹೋದಂತಾಯಿತು! ಆದ್ದರಿಂದ ಇಲ್ಲಿ ಮೈ ತೋಯಿಸಿ, ನೀರು ನಿಲ್ಲಿಸಿ, ಸಾಬೂನು ಹಚ್ಚಿ, ಮತ್ತೆ ತಿರುವಿ ತೊಳೆದುಕೊಳ್ಳುವ ಪದ್ಧತಿ ಇದೆ. ಬರಗಾಲದ ವರ್ಷಗಳಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ಹಚ್ಚಿದ ಜತ್ತ ತಾಲೂಕಿನ ಮಕ್ಕಳಿಗೆ ಈ ಗಣಿತವನ್ನು ನಾನು ಕಲಿಸಬೇಕಾಗಿಲ್ಲ. ನಳ ತಿರುವಿದೊಡನೆ ನೀರು ಕಂಡ ಪಟ್ಟಣದ ಮಗುವಿಗೆ ಮಾತ್ರ ಇದು ಹೊಸ ಪಾಠ.

ಬಳಸಿದ ನೀರನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಮುಸುರೆ ಮತ್ತು ಸ್ನಾನದ ನೀರು ‘ಬೂದು ತೊಟ್ಟಿ’ಗೆ, ಶೌಚದ್ದು ‘ಕಪ್ಪು ತೊಟ್ಟಿ’ಗೆ ಇಳಿದು ಮನೆಯ ಅಡಿಯಲ್ಲಿಯೇ ಜೊತೆಗೆ ಪ್ರಯಾಣ ಮಾಡುವವು. ಹೊರಡುವಾಗ ಗೊತ್ತುಪಡಿಸಿದ ಸ್ಥಳದಲ್ಲಿ ಕೊಳವೆ ಜೋಡಿಸಿ ಮೊದಲು ಕಪ್ಪು ತೊಟ್ಟಿಯನ್ನೂ ಅನಂತರ ಬೂದು ತೊಟ್ಟಿಯನ್ನೂ ಬರಿದು ಮಾಡುವರು. ಎರಡನೆಯದರ ನೀರಿನಿಂದ ಕೊಳವೆಯೂ ತಕ್ಕಮಟ್ಟಿಗೆ ತೊಳೆದಂತಾಗುವದೆಂಬುದೇ ಈ ಕ್ರಮದ ಯುಕ್ತಿ. ಕೈಗವಸು ತೊಟ್ಟು ಈ ಕೆಲಸವನ್ನು ಮನೆಯ ಯಜಮಾನನೇ ಮಾಡಬೇಕು. ಇದಕ್ಕೆ ಬೇರೆ ಆಳಿಲ್ಲ. ಬೇರೆ ಜಾತಿಯೂ ಇಲ್ಲ.

ದೀಪಗಳು ೧೨ ವೋಲ್ಟಿನ ಬ್ಯಾಟರಿಯಿಂದ, ಒಲೆಯೂ ಶಾಖಯಂತ್ರವೂ ಪ್ರೊಪೇನ್ ಅನಿಲದಿಂದ ಉರಿಯುವವು. ಕೆಲವು ಗಾಲಿಮನೆಗಳ ತಂಪುಪೆಟ್ಟಿಗೆಯೂ ಅನಿಲದ ಜ್ವಾಲೆಯಿಂದಲೇ ನಡೆಯುವದು! ಜ್ವಾಲೆಯ ಕಾವಿನಿಂದ ನೀರಿನೊಳಗಿನ ಅಮೋನಿಯಾ ಆವಿಯಾಗಿ ಬೇರ್ಪಟ್ಟು, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಈ ದ್ರವಗಳು ತಮ್ಮ ಭಾರದಿಂದಲೇ ಹರಿಯಬೇಕಾದುದರಿಂದ ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಬೇಕು. ಆದರೆ ಚಳಿಯ ರಾತ್ರಿಯಲ್ಲಿ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಇದ್ದಲಿನ ಒಲೆಯನ್ನು ಒಳಗಿಡುವದು, ಇಲ್ಲವೆ ಜನರೇಟರಿನ ಹೊಗೆ ಒಳಗೆ ಬರುವಂತೆ ನಿಲ್ಲಿಸುವದು ಪ್ರಾಣಾಂತಿಕ. ಅದರಿಂದ ಹುಟ್ಟುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಸಾಯುವರು. ಇದನ್ನು ಅರಿತು ಕೂಗುವ ಯಂತ್ರವೊಂದನ್ನು ಒಳಗೆ ಅಳವಡಿಸಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಮಲಗುವ ನಮ್ಮವರೂ ಇದನ್ನು ಲಕ್ಷ್ಯದಲ್ಲಿಡಬೇಕು.

ಸಂಜೆ ಅಕ್ಕಪಕ್ಕದ ತಾಣಗಳ ಗೆಳೆಯರು ಒಂದೇ ಬೆಂಕಿಯ ಸುತ್ತ ಕೂಡ್ರುವರು. ಒಬ್ಬರ ಮನೆಯ ಹುರುಳಿ-ಮೆಣಸಿನಕಾಯಿಯ ಸಾರು, ಇನ್ನೊಬ್ಬರ ಜೋಳದ ರೊಟ್ಟಿ. ಇವರ ಜೋಳವೆಂದರೆ ಗೋವಿನಜೋಳ. ನಮ್ಮ ಬಿಳಿಜೋಳದ ರುಚಿ ಅದಕ್ಕೆಲ್ಲಿಯದು! ಮಕ್ಕಳು ಮಾರ್ಶ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿಯನ್ನು ಕಡ್ಡಿಗೆ ಚುಚ್ಚಿ ಸುಡುವರು. ಕರಡಿಗಳ ಕಾಡಾದ್ದರಿಂದ ಉಂಡುಳಿದುದನ್ನು ಮಲಗುವ ಮುಂಚೆ ಗಾಡಿಯೊಳಗೆ ಮುಚ್ಚಿಡಲೇಬೇಕು. ಕಟ್ಟಿಗೆಯನ್ನು ಮಾತ್ರ ಊರಿನಿಂದ ತರಕೂಡದು. ಏಶ್ಯದಿಂದ ಬಂದ ಹಸಿರು ದುಂಬಿಯೊಂದು ೨೦೦೨ರಲ್ಲಿ ಡೆಟ್ರಾಯಿಟ್ ನಗರದ ಬಳಿ ಪತ್ತೆಯಾಯಿತು. ಅದರ ಮರಿಗಳು ಆಶ್ ಮರದ ತೊಗಟೆಯ ಕೆಳಗೆ ಕೊರೆದು ಮರವನ್ನು ಕೊಲ್ಲುವವು. ದುಂಬಿ ತಾನಾಗಿ ಬಹು ದೂರ ಹಾರಲಾರದು. ಪ್ರವಾಸಿಕರ ಕಟ್ಟಿಗೆಯ ಹೊರೆಯಲ್ಲಿ ಕುಳಿತು ನೂರಾರು ಮೈಲು ದಾಟಿತು. ಕೋಟಿಗಟ್ಟಲೆ ಮರಗಳು ಸತ್ತುಹೋದವು.

ನವೆಂಬರದ ಹೊತ್ತಿಗೆ ಎಲೆಯುದುರಿ, ಗಾಲಿಮನೆಯ ವರ್ಷವೂ ಹೆಚ್ಚಾಗಿ ಮುಗಿಯುವದು. ನೀರು ಹಿಮಗಟ್ಟುವಾಗ ಅದರ ಗಾತ್ರವು ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗುವದರಿಂದ, ಕೊಳವೆಯಲ್ಲಿ ಉಳಿದ ಒಂದು ತಂಬಿಗೆ ನೀರೂ ಅದನ್ನು ಒಡೆಯಬಲ್ಲದು. ಆದುದರಿಂದ ಕೊನೆಯ ಪ್ರವಾಸದಿಂದ ಮರಳಿದ ಮೇಲೆ ತೊಟ್ಟಿಗಳನ್ನು ಬರಿದು ಮಾಡಿ, ವಿಷವಲ್ಲದ, ಗುಲಾಬಿ ಬಣ್ಣದ ಹಿಮನಿರೋಧಕ ದ್ರವವನ್ನು ಕೊಳವೆಗಳಲ್ಲಿ ಹಾಯಿಸುವರು. ಒಬ್ಬರು ಪಂಪನ್ನು ನಡೆಸುತ್ತಿರಲು ಮಕ್ಕಳು ಒಂದೊಂದೇ ನಳವನ್ನು ತಿರುವಿ, ಗುಲಾಬಿ ಬಣ್ಣ ಕಂಡೊಡನೆ ಕೂಗಿ ಹೇಳಿ ಮುಚ್ಚುವರು. ವಸಂತದಲ್ಲಿ ಶುದ್ಧ ನೀರಿನಿಂದ ಅದನ್ನು ತೊಳೆದು ತೆಗೆಯುವ ವರೆಗೆ ಗಾಡಿಯು ಹೊದಿಕೆಯ ಕೆಳಗೆ ನಿಂತಿರುತ್ತದೆ.