ಮಾಲೀಕರಿಲ್ಲದ ದಿನವೂ ನಡೆಯುವ ಘಟಕ: ಸಣ್ಣ ಉದ್ದಿಮೆಯಲ್ಲಿ ಹೊಣೆಯ ಹಂಚಿಕೆ

ಎಂಟು ಮಂದಿ ದುಡಿಯುವ, ಎರಡು ಲೇತ್ ಹಾಗೂ ಒಂದು ಮಿಲ್ಲಿಂಗ್ ಯಂತ್ರವುಳ್ಳ, ದೊಡ್ಡ ಕಾರ್ಖಾನೆಯೊಂದಕ್ಕೆ ಬುಷ್‌ಗಳನ್ನು ತಯಾರಿಸಿಕೊಡುವ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಇಂತಹ ಘಟಕಗಳು ಬೆಂಗಳೂರಿನ ಪೀಣ್ಯದಲ್ಲಿಯೂ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿಯೂ ಬೆಳಗಾವಿಯ ಉದ್ಯಮಬಾಗ್‌ನಲ್ಲಿಯೂ ಹೇರಳವಾಗಿವೆ. ಮಾಲೀಕರು ಆ ದಿನ ಬಂಧುಗಳ ಉತ್ತರಕ್ರಿಯೆಗೆಂದು ಊರಿಗೆ ಹೋಗಿದ್ದಾರೆ. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಬುಷ್‌ಗಳ ಒಳಮೈಯಲ್ಲಿ ಗೀರುಗಳು ಬೀಳುತ್ತಿರುವುದು ಟರ್ನರ್‌ನ ಗಮನಕ್ಕೆ ಬರುತ್ತದೆ. ಟೂಲಿನ ತುದಿ ಸವೆದಿದೆ. ಹೊಸ ಇನ್ಸರ್ಟ್ ಬೀರುವಿನಲ್ಲಿದೆ, ಬೀರುವಿನ ಕೀಲಿಕೈ ಮಾಲೀಕರ ಜೇಬಿನಲ್ಲಿದೆ, ಅವರ ಫೋನು ಸಿಗುತ್ತಿಲ್ಲ. ಒಂದು ಗಂಟೆ ಕಾದ ಟರ್ನರ್, ಯಂತ್ರ ನಿಂತಿತ್ತೆಂದು ತಿಳಿದರೆ ಬೈಗುಳ ತಪ್ಪದೆಂದು ಹಳೆಯ ತುದಿಯಲ್ಲಿಯೇ ಕೆಲಸ ಮುಂದುವರಿಸುತ್ತಾನೆ. ಸಂಜೆಗೆ ಇನ್ನೂರು ಬುಷ್‌ಗಳು ಸಿದ್ಧವಾಗುತ್ತವೆ. ಗೀರು ಹೋಗುವಂತೆ ಮತ್ತೆ ಕೊರೆದರೆ ಅಳತೆ ಮೀರುತ್ತದೆ; ಹಾಗೆಯೇ ಕಳುಹಿಸಿದರೆ ಗ್ರಾಹಕರು ಒಪ್ಪುವುದಿಲ್ಲ. ವಾರದ ಬಳಿಕ ಅಷ್ಟೂ ಸರಕು ತಿರಸ್ಕೃತವಾಗಿ ಹಿಂದಿರುಗುತ್ತದೆ. ಒಂದಕ್ಕೆ 90 ರೂಪಾಯಿಯೆಂದು ಹಿಡಿದರೂ ನಷ್ಟ 18,000 ರೂಪಾಯಿ. ಇನ್ಸರ್ಟಿನ ಬೆಲೆ ಕೆಲವು ನೂರು ರೂಪಾಯಿ.

ತಪ್ಪು ಯಾರದೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಟರ್ನರ್‌ನದೆಂದೇ. ಆದರೆ ದೋಷ ಆತನಿಗೆ ಕಂಡಿತ್ತು, ಕಾರಣ ಗೊತ್ತಿತ್ತು, ಪರಿಹಾರವೂ ಗೊತ್ತಿತ್ತು. ಇಲ್ಲದಿದ್ದುದು ಯಂತ್ರ ನಿಲ್ಲಿಸುವ ಅಧಿಕಾರ ಮತ್ತು ಬೀರುವಿನ ಕೀಲಿಕೈ. ಸಣ್ಣ ಉದ್ದಿಮೆಗಳು ಒಂದು ಗಾತ್ರದವರೆಗೆ ಬೆಳೆದು ಅಲ್ಲಿಯೇ ನಿಂತುಬಿಡುವುದಕ್ಕೆ ಬಂಡವಾಳದ ಕೊರತೆ, ಪಾವತಿಯ ವಿಳಂಬ, ಮಾರುಕಟ್ಟೆಯ ಏರಿಳಿತ ಮೊದಲಾದ ಕಾರಣಗಳು ಸಭೆಗಳಲ್ಲಿ ವಿಸ್ತಾರವಾಗಿ ಚರ್ಚೆಯಾಗುತ್ತವೆ. ಪ್ರತಿಯೊಂದು ತೀರ್ಮಾನವೂ ಒಬ್ಬರ ಬಾಯಿಂದಲೇ ಬರಬೇಕೆಂಬ ಪದ್ಧತಿಯು ಆ ಪಟ್ಟಿಯಲ್ಲಿ ಸೇರುವುದು ವಿರಳ. ಪಟ್ಟಿ ಮಾಡುವವರು ಮಾಲೀಕರೇ ಆಗಿರುವುದು ಇದಕ್ಕೆ ಕಾರಣವಿರಬಹುದು.

ನಿಲ್ಲಿಸುವ ಅಧಿಕಾರ

ಜಪಾನಿನ ಸಕಿಚಿ ಟೊಯೊಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಒಂದು ವಿಶೇಷವಿತ್ತು. ನೂಲಿನ ಎಳೆ ತುಂಡಾದೊಡನೆ ಮಗ್ಗವು ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮಾರುಗಟ್ಟಲೆ ನೇಯ್ದು ಹೋಗುವ ಪ್ರಮೇಯವೇ ಇರಲಿಲ್ಲವಾದ್ದರಿಂದ ಒಬ್ಬ ಕೆಲಸಗಾರನು ಹಲವು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಅವರ ಮಗ ಕಿಚಿರೊ 1937ರಲ್ಲಿ ಸ್ಥಾಪಿಸಿದ ಟೊಯೊಟ ಮೋಟಾರು ಸಂಸ್ಥೆಯಲ್ಲಿ ಇದೇ ತತ್ತ್ವವು ಮುಂದೆ ಮನುಷ್ಯರಿಗೂ ಅನ್ವಯವಾಯಿತು. ಜೋಡಣಾ ಸಾಲಿನ ಉದ್ದಕ್ಕೂ ಹಗ್ಗವೊಂದನ್ನು ಕಟ್ಟಲಾಯಿತು. ಯಾವ ಕೆಲಸಗಾರನಾದರೂ ದೋಷ ಕಂಡೊಡನೆ ಅದನ್ನು ಎಳೆಯಬಹುದು. ಎಳೆದ ಕೂಡಲೇ ದೀಪ ಹೊತ್ತುತ್ತದೆ, ತಂಡದ ಮುಖ್ಯಸ್ಥ ಧಾವಿಸಿ ಬರುತ್ತಾನೆ. ನಿಗದಿತ ಅವಧಿಯೊಳಗೆ ದೋಷ ಸರಿಯಾಗದಿದ್ದಲ್ಲಿ ಸಾಲೇ ನಿಲ್ಲುತ್ತದೆ.

ಇದು ಜಪಾನೀಯರ ಶಿಸ್ತಿಗೆ ಮಾತ್ರ ಒಗ್ಗುವ ಪದ್ಧತಿಯೆಂದು ತಳ್ಳಿಹಾಕುವವರಿಗೆ ಅಮೆರಿಕದ ಒಂದು ಪ್ರಸಂಗ ಉತ್ತರ ನೀಡುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯು ಗೈರುಹಾಜರಿ, ಜಗಳ, ಕಳಪೆ ಗುಣಮಟ್ಟಗಳಿಗೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟ ಮತ್ತು ಜನರಲ್ ಮೋಟಾರ್ಸ್ ಜೊತೆಗೂಡಿ ಅದನ್ನು ಮತ್ತೆ ತೆರೆದವು. ಸೇರಿಸಿಕೊಂಡ ಕೆಲಸಗಾರರಲ್ಲಿ ಹೆಚ್ಚಿನವರು ಹಳೆಯ ಕಾರ್ಖಾನೆಯವರೇ. ಅವರ ಕಾರ್ಮಿಕ ಸಂಘವೂ ಹಳೆಯದೇ. ಕೆಲವರನ್ನು ಜಪಾನಿಗೆ ಕಳುಹಿಸಿ ತರಬೇತಿ ಕೊಡಿಸಲಾಯಿತು. ಹಗ್ಗ ಎಳೆಯುವ ಅಧಿಕಾರ ಎಲ್ಲರ ಕೈಗೂ ಬಂತು. ಅಲ್ಪಕಾಲದಲ್ಲಿಯೇ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನಲ್ಲಿ ತಯಾರಾದ ಕಾರುಗಳಿಗೆ ಸಮೀಪಿಸಿತು. ಜನ ಬದಲಾಗಿರಲಿಲ್ಲ, ವ್ಯವಸ್ಥೆ ಬದಲಾಗಿತ್ತು. ಬಿಡದಿಯಲ್ಲಿ 1999ರ ಕೊನೆಯಿಂದ ವಾಹನ ತಯಾರಿಸುತ್ತಿರುವ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯೂ ಇದೇ ಉತ್ಪಾದನಾ ಪದ್ಧತಿಯದು.

ಎಂಟು ಮಂದಿಯ ಘಟಕಕ್ಕೆ ಹಗ್ಗವೂ ಬೇಡ, ದೀಪವೂ ಬೇಡ. ದೋಷ ಕಂಡವನು ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಬಹುದು, ನಿಲ್ಲಿಸಿದ್ದಕ್ಕಾಗಿ ಯಾರೂ ಆತನನ್ನು ಗದರಿಸುವಂತಿಲ್ಲ ಎಂಬ ಒಂದು ಮಾತು ಸಾಕು. ವ್ಯಾಪಾರ ಮಳಿಗೆಗಳಿಗೂ ಇದು ಹೊಂದುತ್ತದೆ. ಲಾರಿಯಿಂದ ಇಳಿಯುತ್ತಿರುವ ಬೇಳೆಯ ಮೂಟೆ ತೇವವಾಗಿರುವುದು ಮೊದಲು ತಿಳಿಯುವುದು ಗದ್ದಿಗೆಯ ಮೇಲೆ ಕುಳಿತ ವರ್ತಕರಿಗಲ್ಲ, ಅದನ್ನು ಹೆಗಲಿಗೇರಿಸಿದ ಹಮಾಲರಿಗೆ. ಅದನ್ನು ಬೇರೆ ಇಡುವ ಅಧಿಕಾರ ಅವರಿಗಿದ್ದರೆ ಉಗ್ರಾಣದ ಉಳಿದ ಮೂಟೆಗಳು ಉಳಿಯುತ್ತವೆ.

ಭಾರತದಲ್ಲಿ ಈ ದಿಕ್ಕಿನ ಪ್ರಯತ್ನ ಹೊಸದೇನಲ್ಲ. ಬಿ.ಎಚ್.ಇ.ಎಲ್. ಸಂಸ್ಥೆಯ ಹೈದರಾಬಾದ್ ಘಟಕದಲ್ಲಿ ಎಸ್.ಆರ್. ಉಡುಪ ಅವರ ಮುಂದಾಳತ್ವದಲ್ಲಿ 1980ರಲ್ಲಿಯೇ ಗುಣಮಟ್ಟ ವೃತ್ತಗಳು ಆರಂಭವಾದವು. ಕೆಲಸಗಾರರೇ ಸಣ್ಣ ಗುಂಪುಗಳಲ್ಲಿ ಸೇರಿ ತಮ್ಮ ವಿಭಾಗದ ತೊಡಕುಗಳಿಗೆ ಪರಿಹಾರ ಹುಡುಕುವ ಕ್ರಮವಿದು. ಆದರೆ ಈ ವೃತ್ತಗಳು ಕೆಲವೆಡೆ ವರ್ಷಕ್ಕೊಮ್ಮೆ ಸ್ಪರ್ಧೆಯಲ್ಲಿ ಭಾಗವಹಿಸಿ ಪ್ರಶಸ್ತಿಪತ್ರ ತರುವುದಕ್ಕಷ್ಟೇ ಸೀಮಿತವಾದವು. ಗೋಡೆಯ ಮೇಲೆ ಪ್ರಶಸ್ತಿಪತ್ರವಿದ್ದೂ ಬೀರುವಿನ ಕೀಲಿಕೈ ಮಾಲೀಕರ ಜೇಬಿನಲ್ಲಿಯೇ ಉಳಿದರೆ ಪ್ರಯೋಜನವಿಲ್ಲ.

ಏಳು ಮಹಿಳೆಯರ ಲೆಕ್ಕ

ನಿಲ್ಲಿಸುವ ಅಧಿಕಾರದಿಂದ ನಷ್ಟ ತಪ್ಪುತ್ತದೆ; ಅಷ್ಟರಿಂದಲೇ ಉದ್ದಿಮೆ ಬೆಳೆಯುವುದಿಲ್ಲ. ಬೆಳೆಯಬೇಕಾದರೆ ದುಡಿಯುವವರಿಗೆ ಲೆಕ್ಕವೂ ತಿಳಿಯಬೇಕು, ಪಾಲೂ ಸಿಗಬೇಕು. ಈ ಎರಡಕ್ಕೂ ಸ್ವದೇಶದಲ್ಲಿಯೇ ಲಿಜ್ಜತ್ ಹಪ್ಪಳದ ಉದಾಹರಣೆಯಿದೆ.

1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನ ವಸತಿ ಕಟ್ಟಡವೊಂದರ ಮಹಡಿಯ ಮೇಲೆ ಏಳು ಮಂದಿ ಗೃಹಿಣಿಯರು ಸೇರಿ ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ, ಅದೂ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಎಂಬ ಸಮಾಜಸೇವಕರಿಂದ ಪಡೆದ ಸಾಲ. ಮೊದಲ ದಿನ ತಯಾರಾದುದು ನಾಲ್ಕು ಪೊಟ್ಟಣ. ಆರಂಭದಲ್ಲಿ ಅವರು ಎರಡು ದರ್ಜೆಯ ಹಪ್ಪಳ ತಯಾರಿಸಿ ಕೆಳದರ್ಜೆಯದನ್ನು ಕಡಿಮೆ ಬೆಲೆಗೆ ಮಾರಲು ಯೋಚಿಸಿದ್ದರು. ಪಾರೇಖ್ ಅವರ ಸಲಹೆ ಬೇರೆಯಾಗಿತ್ತು: ಒಂದೇ ದರ್ಜೆಯ ಸರಕು ತಯಾರಿಸಬೇಕು, ಗುಣಮಟ್ಟದಲ್ಲಿ ರಾಜಿ ಕೂಡದು, ಇದನ್ನು ಧರ್ಮಕಾರ್ಯವೆಂದು ಭಾವಿಸದೆ ವ್ಯಾಪಾರವೆಂದೇ ನಡೆಸಿ ಲೆಕ್ಕವನ್ನು ಸರಿಯಾಗಿ ಬರೆದಿಡಬೇಕು. ಲೆಕ್ಕದ ಪುಸ್ತಕವನ್ನು ಯಾರೋ ಒಬ್ಬರ ವಶಕ್ಕೆ ಕೊಟ್ಟು ಉಳಿದವರು ಲಟ್ಟಣಿಗೆ ಹಿಡಿದಿದ್ದರೆ ಅದು ಏಳು ಜನ ಕೂಲಿಯವರ ಒಂದು ಗುಂಪಾಗಿ ಕೊನೆಗೊಳ್ಳುತ್ತಿತ್ತು.

ಮೊದಲ ವರ್ಷ ಮಳೆಗಾಲದಲ್ಲಿ ಬಿಸಿಲಿಲ್ಲದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಒಲೆ ಹೊತ್ತಿಸಿದರು. ಮಳೆಯಲ್ಲಿಯೂ ಹಪ್ಪಳ ಒಣಗಿತು. ಈ ಉಪಾಯಕ್ಕೆ ತಜ್ಞರ ವರದಿ ಬೇಕಾಗಲಿಲ್ಲ. ನಷ್ಟ ತಮ್ಮದೆಂದು ತಿಳಿದವರು ದಾರಿಯನ್ನೂ ತಾವೇ ಹುಡುಕಿದರು.

ಮುಂದೆ ಸಂಸ್ಥೆಯು ಸಾವಿರಾರು ಸದಸ್ಯೆಯರನ್ನು ಒಳಗೊಂಡು ಅನೇಕ ರಾಜ್ಯಗಳಿಗೆ ಹರಡಿದರೂ ಮೂಲಕ್ರಮ ಬದಲಾಗಲಿಲ್ಲ. ಶಾಖೆಯಲ್ಲಿ ಕಲಸಿದ ಹಿಟ್ಟನ್ನು ಸದಸ್ಯೆಯರು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ ಮರುದಿನ ತಂದೊಪ್ಪಿಸುತ್ತಾರೆ. ಲಟ್ಟಿಸಿದ ಕೂಲಿ ಅಲ್ಲಿಯೇ ಸಿಗುತ್ತದೆ. ತೂಕ, ಗುಣಮಟ್ಟಗಳ ಪರೀಕ್ಷೆಯೂ ಸದಸ್ಯೆಯರದೇ. ಶಾಖೆಯ ಮುಖ್ಯಸ್ಥೆಯರೂ ಸಂಸ್ಥೆಯ ಪದಾಧಿಕಾರಿಗಳೂ ಅವರ ನಡುವಿನಿಂದಲೇ ಬರುತ್ತಾರೆ. ಲಾಭವಾದರೂ ನಷ್ಟವಾದರೂ ಹಂಚಿಕೆ ಸದಸ್ಯೆಯರ ನಡುವೆಯೇ. ಸ್ಥಾಪಕಿಯರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಲಿಜ್ಜತ್ ಸದಸ್ಯೆಯರೇ ಒಡೆಯರಾಗಿರುವ ಸಂಸ್ಥೆ. ಸ್ವಂತ ಹಣ ಹೂಡಿ, ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟ ಉದ್ಯಮಿಗೆ ಅದರ ನಿಯಮ ಹೇಗೆ ಅನ್ವಯಿಸುತ್ತದೆಂಬ ಆಕ್ಷೇಪ ನ್ಯಾಯವಾದದ್ದೇ. ಒಡೆತನ ಹಂಚಬೇಕಾಗಿಲ್ಲ. ಆದರೆ ಕೆಲಸಗಾರನ ಕೈಯಲ್ಲಿರುವ ಸಂಗತಿಗಳ ಲೆಕ್ಕವನ್ನು ಆತನಿಂದ ಮುಚ್ಚಿಡುವುದಕ್ಕೆ ಕಾರಣವೂ ಇಲ್ಲ. ವಾರದಲ್ಲಿ ಎಷ್ಟು ನಗ ತಿರಸ್ಕೃತವಾದವು, ಎಷ್ಟು ಆರ್ಡರುಗಳು ತಡವಾದವು, ವಿದ್ಯುತ್ ಬಿಲ್ಲು ಎಷ್ಟು ಬಂತು ಎಂಬ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆದರೆ ಮಾಲೀಕರ ಆಸ್ತಿಯ ಗುಟ್ಟೇನೂ ಬಯಲಾಗುವುದಿಲ್ಲ. ತಿರಸ್ಕೃತ ಸರಕು ಇಳಿದು ಉಳಿತಾಯವಾದ ಹಣದಲ್ಲಿ ಒಂದು ಪಾಲು ಎಲ್ಲರಿಗೂ ಸಲ್ಲುವುದೆಂದು ಮೊದಲೇ ಬರಹದಲ್ಲಿ ಕೊಟ್ಟರೆ ಆ ಅಂಕಿಗಳನ್ನು ಅವರೇ ದಿನವೂ ನೋಡತೊಡಗುತ್ತಾರೆ. ಶಾಸನದಂತೆ ಸಲ್ಲಬೇಕಾದ ಬೋನಸ್ಸು ಬೇರೆ, ಇದು ಬೇರೆ. ಹಕ್ಕಾಗಿ ಬರುವುದನ್ನು ಔದಾರ್ಯವೆಂದು ತೋರಿಸಲು ಹೊರಟವರ ಮಾತನ್ನು ಕೆಲಸಗಾರರು ಮತ್ತೆ ನಂಬುವುದಿಲ್ಲ.

ಕಲಿತವನು ಬಿಟ್ಟುಹೋದರೆ?

ವರ್ತಕರೂ ತಯಾರಕರೂ ಹೆಚ್ಚಾಗಿ ಹೇಳುವ ಭಯ ಒಂದೇ. ಎಲ್ಲವನ್ನೂ ಕಲಿಸಿಕೊಟ್ಟರೆ ಹುಡುಗ ನಾಳೆ ಎದುರಿಗೇ ಅಂಗಡಿ ತೆರೆಯುತ್ತಾನೆ. ಇದು ಸುಳ್ಳು ಭಯವಲ್ಲ, ಹಾಗೆ ನಡೆಯುತ್ತದೆ. ಉಡುಪಿ ಹೋಟೆಲುಗಳ ಇತಿಹಾಸವೇ ಹಾಗೆ ಹೊರಬಂದವರ ಇತಿಹಾಸ. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದ ಕಡಂದಲೆಯ ಕೃಷ್ಣರಾಯರು ಹೋಟೆಲಿನ ಕೆಳಗಿನ ಕೆಲಸಗಳಿಂದಲೇ ಮೇಲೆ ಬಂದವರು. ಪಾತ್ರೆ ತೊಳೆಯುವುದರಿಂದ ಆರಂಭಿಸಿ ಬಡಿಸುವುದು, ಅಡುಗೆ, ಗಲ್ಲಾ ಎಂದು ಒಂದೊಂದೇ ಮೆಟ್ಟಿಲು ಏರಿದ ಹುಡುಗರು ಊರೂರುಗಳಲ್ಲಿ ಸ್ವಂತ ಹೋಟೆಲು ತೆರೆದರು. ಅದರಿಂದ ಹಳೆಯ ಹೋಟೆಲುಗಳು ಮುಚ್ಚಲಿಲ್ಲ. ಒಟ್ಟು ಕಸುಬೇ ದೇಶದುದ್ದಕ್ಕೂ ಹಬ್ಬಿತು. ಕಲಿಸದೆ ಇಟ್ಟುಕೊಂಡರೂ ಚುರುಕಾದವನು ಬಿಟ್ಟೇ ಹೋಗುತ್ತಾನೆ, ಆಗ ಉಳಿಯುವವರು ಚುರುಕಿಲ್ಲದವರು. ವಿಶ್ವಾಸದಿಂದ ಕಳುಹಿಸಿಕೊಟ್ಟವನು ಮುಂದೆ ತನಗೆ ಮೀರಿದ ಆರ್ಡರನ್ನು ಹಳೆಯ ಯಜಮಾನರಿಗೇ ತಂದುಕೊಡುವ ಸಂದರ್ಭಗಳೂ ಉಂಟು.

ಮೊದಲ ತಪ್ಪಿನ ದಿನ

ಕಾರ್ಯರೂಪಕ್ಕೆ ತರುವಾಗ ಅಧಿಕಾರಕ್ಕೆ ಎಲ್ಲೆಯನ್ನು ಅಂಕಿಯಲ್ಲಿ ಹೇಳುವುದು ಅವಶ್ಯ. ಸ್ವಂತ ಬುದ್ಧಿಯಿಂದ ನೋಡಿಕೊಳ್ಳಿರಿ ಎಂಬ ಅಪ್ಪಣೆಯಿಂದ ಯಾರಿಗೂ ಧೈರ್ಯ ಬರುವುದಿಲ್ಲ. 1,000 ರೂಪಾಯಿಯವರೆಗಿನ ಟೂಲು, ಎಣ್ಣೆ, ಬಿಡಿಭಾಗಗಳನ್ನು ಮೇಸ್ತ್ರಿ ಕೇಳದೆ ತರಿಸಬಹುದು, ತರಿಸಿದ್ದನ್ನು ಪುಸ್ತಕದಲ್ಲಿ ಬರೆಯಬೇಕು ಎಂದರೆ ಅರ್ಥ ಸ್ಪಷ್ಟ. ಬಟ್ಟೆಯಂಗಡಿಯಲ್ಲಾದರೆ ಶೇಕಡಾ 5ರವರೆಗೆ ಸೋಡಿ ಬಿಡುವ, ದೋಷವಿರುವ ಸೀರೆಯನ್ನು ವಾರದೊಳಗೆ ಬದಲಿಸಿಕೊಡುವ ಅಧಿಕಾರ ಮಾರಾಟಗಾರನಿಗಿದ್ದರೆ ಗಿರಾಕಿ ಗಲ್ಲಾದ ಮುಂದೆ ಕಾಯಬೇಕಾಗುವುದಿಲ್ಲ. ಕೆಲವನ್ನು ಹಂಚಲೇಬಾರದು: ತೆರಿಗೆ ವಿವರಗಳ ಸಲ್ಲಿಕೆಯ ಹೊಣೆ, ವೇತನ ಪಾವತಿ, ಬ್ಯಾಂಕಿನ ಸಹಿ. ಯಂತ್ರದ ರಕ್ಷಾಕವಚ ತೆಗೆದು ಕೆಲಸ ಮಾಡಲು ಅನುಮತಿ ಕೊಡುವ ಅಧಿಕಾರವಂತೂ ಮೇಸ್ತ್ರಿಗಷ್ಟೇ ಅಲ್ಲ, ಮಾಲೀಕರಿಗೂ ಇರಕೂಡದು.

ಇಷ್ಟಾದ ಮೇಲೆ ತಪ್ಪು ನಡೆದೇ ನಡೆಯುತ್ತದೆ. ಮೇಸ್ತ್ರಿ 900 ರೂಪಾಯಿ ಕೊಟ್ಟು ತಂದ ಡ್ರಿಲ್ ಅಳತೆಗೆ ಹೊಂದದಿರಬಹುದು. ಇಡೀ ವ್ಯವಸ್ಥೆ ಉಳಿಯುವುದೂ ಮುರಿಯುವುದೂ ಆ ದಿನ. ಮಾಲೀಕರು ಎಲ್ಲರೆದುರು ಒಂದು ಮಾತು ಆಡಿ, ಇನ್ನು ಮುಂದೆ ತನ್ನನ್ನು ಕೇಳಿಯೇ ತರಬೇಕೆಂದರೆ ಎಂಟು ಮಂದಿಗೂ ಪಾಠವಾಗುತ್ತದೆ. ಮತ್ತೆ ವರ್ಷಗಟ್ಟಲೆ ಯಾರೂ ತೀರ್ಮಾನ ಮಾಡುವುದಿಲ್ಲ. ಕೊಳ್ಳುವಾಗ ಏನು ತಿಳಿದಿತ್ತು, ಯಾವ ಮಾಹಿತಿ ಸಿಕ್ಕಿರಲಿಲ್ಲ ಎಂದು ಕೇಳಿದರೆ, ಡ್ರಾಯಿಂಗಿನ ಪ್ರತಿ ಮೇಸ್ತ್ರಿಯ ಕೈಗೆ ಕೊಟ್ಟಿರಲಿಲ್ಲವೆಂಬುದು ಹೊರಬೀಳಬಹುದು. ಒಂದು ಡ್ರಿಲ್ಲಿನ ಬೆಲೆಗೆ ಅಷ್ಟು ತಿಳಿದರೆ ಅಗ್ಗವೇ. ಮಾತನಾಡದೆ ಇರುವುದು ಅಭ್ಯಾಸದಿಂದ ಬರಬೇಕಾದ ವಿದ್ಯೆ. ಇಪ್ಪತ್ತು ವರ್ಷ ಒಬ್ಬರೇ ಅಂಗಡಿ ನಡೆಸಿದವರಿಗೆ ಅದು ಕಠಿಣವೆಂಬುದನ್ನು ಒಪ್ಪಲೇಬೇಕು.

ಬೆಳಿಗ್ಗೆ ಹತ್ತು ನಿಮಿಷ ನಿಂತುಕೊಂಡೇ ಸಭೆ ನಡೆಸುವ ರೂಢಿ ಸಣ್ಣ ಘಟಕಗಳಿಗೆ ಸುಲಭ. ಅದನ್ನು ವಾರಕ್ಕೊಬ್ಬರಂತೆ ಸರದಿಯಲ್ಲಿ ನಡೆಸಬೇಕು. ಮೊದಲು ಮಾತನಾಡುವ ಅವಕಾಶ ಎಲ್ಲರಿಗಿಂತ ಹೊಸಬನಾದ ಸಹಾಯಕನಿಗೆ, ಕೊನೆಯದು ಮಾಲೀಕರಿಗೆ. ಕ್ರಮ ತಿರುಗುಮುರುಗಾದರೆ ಮಾಲೀಕರ ಮಾತಿಗೆ ತಲೆಯಾಡಿಸುವುದಷ್ಟೇ ಉಳಿಯುತ್ತದೆ.

ಮೂರು ತಿಂಗಳು ಕಳೆದ ಬಳಿಕ ಮಾಲೀಕರು ಮೊದಲೇ ತಿಳಿಸಿ ಎರಡು ದಿನ ಘಟಕಕ್ಕೆ ಬಾರದಿರಬೇಕು, ಫೋನನ್ನೂ ಮಾಡಬಾರದು. ತಮ್ಮಿಂದ ತೀರ್ಮಾನಿಸಲಾಗದೆ ನಿಂತ ಪ್ರತಿಯೊಂದು ವಿಷಯವನ್ನೂ ಕೆಲಸಗಾರರು ಪುಸ್ತಕದಲ್ಲಿ ಬರೆದಿಡಬೇಕು. ಮೊದಲ ಸಲ ಆ ಪಟ್ಟಿ ಉದ್ದವಾಗಿಯೇ ಇರುತ್ತದೆ. ಅದರಲ್ಲಿ ಯಾವುದಕ್ಕೆ ಕೀಲಿಕೈ ಬೇಕಿತ್ತು, ಯಾವುದಕ್ಕೆ ಬೆಲೆಪಟ್ಟಿ, ಯಾವುದಕ್ಕೆ ಗ್ರಾಹಕರ ದೂರವಾಣಿ ಸಂಖ್ಯೆ, ಯಾವುದಕ್ಕೆ ತರಬೇತಿ ಎಂದು ಬಿಡಿಸಿ ನೋಡಿ, ಕೊಡಬಹುದಾದುದನ್ನು ಆ ತಿಂಗಳೊಳಗೆ ಕೊಟ್ಟು ಮುಗಿಸಿದ ಮೇಲೆ ಇನ್ನೆರಡು ದಿನ ರಜೆ ಹಾಕಿ ಎರಡನೆಯ ಪಟ್ಟಿಯನ್ನು ಮೊದಲನೆಯದರೊಂದಿಗೆ ಹೋಲಿಸಬಹುದು.