ಸಿಂಫನಿ: ಪದಮೂಲ ಮತ್ತು ಮುಂಬೈ ನಂಟು

● ಪದಮೂಲ: ಗ್ರೀಕ್‌ನ ‘ಸಿನ್’ (ಜೊತೆಗೆ) + ‘ಫೋನೆ’ (ಧ್ವನಿ) = ‘ಸಿಂಫೋನಿಯಾ’, ಅಂದರೆ ಧ್ವನಿಗಳ ಹೊಂದಾಣಿಕೆ. ಲ್ಯಾಟಿನ್, ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷ್‌ಗೆ ಬಂದಿದೆ. ಟೆಲಿಫೋನ್, ಮೈಕ್ರೊಫೋನ್, ಸ್ಯಾಕ್ಸೊಫೋನ್‌ಗಳಲ್ಲೂ ಇದೇ ‘ಫೋನೆ’ ಇದೆ.

● ಅರ್ಥ: ವಾದ್ಯವೃಂದಕ್ಕಾಗಿ ರಚಿಸಿದ, ಸಾಮಾನ್ಯವಾಗಿ 4 ಭಾಗಗಳ ದೀರ್ಘ ಕೃತಿ.

● ‘ಸಿಂಫನಿಯ ಪಿತಾಮಹ’: ಆಸ್ಟ್ರಿಯಾದ ಜೋಸೆಫ್ ಹೈಡನ್.

● ಬಾಂಬೆ ಸಿಂಫನಿ ಆರ್ಕೆಸ್ಟ್ರಾ: 1935ರಲ್ಲಿ ಸ್ಥಾಪನೆ, ಸ್ಥಾಪಕರು ಪಿಟೀಲುವಾದಕ ಮೆಹ್ಲಿ ಮೆಹ್ತಾ.

● ಜುಬಿನ್ ಮೆಹ್ತಾ: ಮೆಹ್ಲಿಯವರ ಮಗ, 1936ರಲ್ಲಿ ಮುಂಬೈಯಲ್ಲಿ ಜನನ, ವಿಶ್ವವಿಖ್ಯಾತ ವಾದ್ಯವೃಂದ ನಿರ್ದೇಶಕ (ಕಂಡಕ್ಟರ್), ಪದ್ಮಭೂಷಣ (1966), ಪದ್ಮವಿಭೂಷಣ (2001).

● ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ: 2006ರಲ್ಲಿ ಆರಂಭ, ನೆಲೆ ನರಿಮನ್ ಪಾಯಿಂಟ್‌ನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ (ಎನ್‌ಸಿಪಿಎ).

ಗಮನಿಸಿ: 1935 ಮತ್ತು 2006ರ ಎರಡು ವಾದ್ಯವೃಂದಗಳೂ ಮುಂಬೈಯವೇ, ಪರೀಕ್ಷೆಯಲ್ಲಿ ಹೆಸರು ಅದಲುಬದಲು ಮಾಡಿಕೊಂಡು ಅಂಕ ಕಳೆದುಕೊಳ್ಳಬೇಡಿ. ‘ಸಿನ್ + ಫೋನೆ’ಯಂತೆ ಪದವನ್ನು ಬಿಡಿಸಿ ಓದುವ ಅಭ್ಯಾಸವಿದ್ದರೆ ಹೊಸ ಪದದ ಅರ್ಥವನ್ನೂ ಊಹಿಸಬಹುದು.