ಒತ್ತುಗುಂಡಿಯ ಸ್ನಾನ

ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ ಮೊದಲಾದ ದೇಶಗಳಲ್ಲಿ ಬೇಸಿಗೆಯ ರಜೆ ಬಂತೆಂದರೆ ಅನೇಕ ಕುಟುಂಬದವರು ಡೇರೆಗಳೊಡನೆ ಹೊರಟು, ಅದಕ್ಕೆಂದೇ ಏರ್ಪಡಿಸಿದ ಬಯಲುಗಳಲ್ಲಿ ಬಿಡಾರಮಾಡುವುದುಂಟು. ಅಲ್ಲಿ ಜನರು ಬಹಳ, ಸ್ನಾನದ ಕೋಣೆಗಳು ಕೆಲವೇ. ಹಲವೆಡೆ ಆ ಕೋಣೆಗಳಲ್ಲಿ ತಿರುಗಿಸುವ ನಲ್ಲಿಯಿಲ್ಲ. ಗೋಡೆಯಲ್ಲಿ ಲೋಹದ ಗುಂಡಿಯೊಂದು ಮಾತ್ರ ಇರುತ್ತದೆ. ಅದನ್ನು ಒತ್ತಿದರೆ ಮೇಲಿನ ಷವರಿನಿಂದ ನೀರು ಸುರಿದು, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ನಿಲ್ಲುತ್ತದೆ. ಕಣ್ಣಿಗೆ ಸಾಬೂನು ಇಳಿಯುತ್ತಿರುವಾಗ ನೀರು ನಿಂತರೆ ಯಾರಿಗಾದರೂ ಬೇಸರವೇ ಸರಿ. ಆದರೂ ಈ ಗುಂಡಿಯನ್ನು ದೂರುವುದಕ್ಕೆ ಮುಂಚೆ ಅದರ ಕೆಲಸವನ್ನು ವಿಚಾರಿಸೋಣ.

ಸಾಮಾನ್ಯವಾದ ಒತ್ತುಗುಂಡಿಯ ಹಿಂದೆ ಒಂದು ಕೊಂತವೂ ಒಂದು ಸ್ಪ್ರಿಂಗೂ ಚಿಕ್ಕದೊಂದು ಗೂಡೂ ಇರುತ್ತವೆ. ನಾವು ಒತ್ತಿದಾಗ ಕೊಂತವು ಒಳಗೆ ಸರಿದು ನೀರಿಗೆ ದಾರಿ ತೆರೆಯುತ್ತದೆ. ಗೂಡಿನಲ್ಲಿದ್ದ ನೀರು ಹೊರಗೆ ಹೋಗುತ್ತದೆ. ಕೈ ತೆಗೆದ ಮೇಲೆ ಬಹು ಸಣ್ಣ ರಂಧ್ರದಿಂದ ನೀರು ಮೆಲ್ಲಮೆಲ್ಲನೆ ಗೂಡನ್ನು ತಿರಿಗಿ ತುಂಬುತ್ತದೆ. ತುಂಬಿದೊಡನೆ ಕೊಂತವು ಸ್ವಸ್ಥಾನವನ್ನು ಸೇರಿ ದಾರಿ ಮುಚ್ಚುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಗಡಿಯಾರವೂ ಬೇಡ. ರಂಧ್ರದಲ್ಲಿ ಸುಣ್ಣದ ಕಸರು ಕಟ್ಟಿದರೆ ಮಾತ್ರ ಗೂಡು ತುಂಬುವುದು ತಡವಾಗಿ, ನೀರು ಹೆಚ್ಚು ಹೊತ್ತು ಹರಿಯುತ್ತದೆ.

ಇನ್ನು ಲೆಕ್ಕ ನೋಡೋಣ. ನಿಮಿಷಕ್ಕೆ 8 ಲೀಟರು ಸುರಿಯುವ ಷವರು ಒಂದು ಒತ್ತಿಗೆ 30 ಸೆಕೆಂಡು ಹರಿದರೆ 4 ಲೀಟರಾಯಿತು. ಆರು ಸಾರಿ ಒತ್ತಿ ಸ್ನಾನ ಮುಗಿಸಿದವಳು ಬಳಸಿದ್ದು 24 ಲೀಟರು. ಅದೇ ಷವರನ್ನು 10 ನಿಮಿಷ ಸುಮ್ಮನೆ ಹರಿಯಬಿಟ್ಟರೆ 80 ಲೀಟರು ಬೇಕು. ನಮ್ಮ ಮನೆಗಳಲ್ಲಿ ಹಂಡೆಯಿಂದ ತಂಬಿಗೆಯಲ್ಲಿ ಮೊಗೆದುಕೊಳ್ಳುವವರು ಈ ಲೆಕ್ಕವನ್ನು ಬಲ್ಲರು. ಗುಂಡಿಯೆಂಬುದು ಅಲ್ಲಿಯ ತಂಬಿಗೆ.

ಬಳಸುವ ಕ್ರಮ ಹೀಗೆ. ಒಣ ಬಟ್ಟೆಗಳನ್ನು ನೀರು ಸಿಡಿಯದ ಕಡೆ ತೂಗುಹಾಕಬೇಕು. ಪಕ್ಕಕ್ಕೆ ನಿಂತು ಮೊದಲನೆಯ ಸಾರಿ ಒತ್ತಬೇಕು. ಕೊಳವೆಯಲ್ಲಿ ನಿಂತ ತಣ್ಣೀರು ಹೋಗಲಿ. ಮೈ ತೋಯಿಸಿಕೊಂಡು, ನೀರು ನಿಂತಿರುವಾಗಲೇ ಸಾಬೂನು ಹಚ್ಚಿಕೊಳ್ಳಬೇಕು. ತಲೆ ತೊಳೆಯುವಾಗ ಒಂದು ಕೈ ಗುಂಡಿಯ ಸಮೀಪದಲ್ಲಿರಲಿ.

ಪಕ್ಕಕ್ಕೆ ನಿಲ್ಲಬೇಕೆಂಬುದಕ್ಕೆ ಇನ್ನೊಂದು ಕಾರಣವುಂಟು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ, ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರಲ್ಲಿ ಅನೇಕರು ಕಠಿನವಾದ ಶ್ವಾಸಕೋಶದ ಜ್ವರಕ್ಕೆ ತುತ್ತಾದರು. ಮರುವರ್ಷ ಅದರ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು; ಮುಂದೆ ಅದಕ್ಕೆ ಲೀಜಿಯೊನೆಲ್ಲ ಎಂದು ಹೆಸರಿಟ್ಟರು. ಅದು 20ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಿಂತ ನೀರಿನಲ್ಲಿ ಹೆಚ್ಚುತ್ತದೆ. ಸೂಕ್ಷ್ಮ ತುಂತುರಿನೊಡನೆ ಉಸಿರಿನಲ್ಲಿ ಒಳಸೇರುತ್ತದೆ. ಆದಕಾರಣ ತೊಟ್ಟಿಯ ಬಿಸಿನೀರನ್ನು 60 ಡಿಗ್ರಿಗೆ ಕಡಮೆಯಾಗದಂತೆ ಕಾಯಿಸಿಟ್ಟು, ಮೈ ಸುಡದಂತೆ ಷವರಿನ ಹತ್ತಿರ ತಣ್ಣೀರು ಬೆರಸುವರು. ಚಳಿಗಾಲವೆಲ್ಲ ಮುಚ್ಚಿದ್ದ ಬಿಡಾರವನ್ನು ತೆರೆಯುವಾಗ ಕೊಳವೆಗಳನ್ನು ಚೆನ್ನಾಗಿ ತೊಳೆಯತಕ್ಕದ್ದು.

ಕೆಲವರು ಗುಂಡಿಯನ್ನು ಹಗ್ಗದಿಂದ ಬಿಗಿದು ನೀರನ್ನು ನಿಲ್ಲಗೊಡಿಸುವುದಿಲ್ಲ. ಅವರಿಗೆ ಸುಖವೇ ಆಗಬಹುದು. ಆದರೆ ತೊಟ್ಟಿ ಒಂದೇ. ಇಡೀ ದಿನ ಮಳೆಯಲ್ಲಿ ನಡೆದು, ಸಾಯಂಕಾಲ ಕಡೆಯವಳಾಗಿ ಬಂದ ಹುಡುಗಿಗೆ ತಣ್ಣೀರೇ ಗತಿ. ನಾವು ಕಾಣದ ಆ ಹುಡುಗಿಯ ಪಾಲನ್ನು ಉಳಿಸುವುದಕ್ಕಾಗಿಯೇ ನೀರು ನಿಲ್ಲುತ್ತದೆಂದು ತಿಳಿದುಕೊಂಡರೆ, ಪುನಃ ಒಂದು ಸಾರಿ ಒತ್ತುವುದು ನಮಗೆ ಭಾರವಾಗಲಾರದು.